ಗಿರಣಿಯ ಸದ್ದಿನಲ್ಲಿ ಹೇಳಿದ್ದು

ಮದುವೆ ಊಟಕ್ಕೆ ಕೂತಾಗ, ಬೆಳಗಾವಿಯ ಟಿಳಕವಾಡಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕಾಗ, ಹಲ್ಲಿನ ಡಾಕ್ಟರು ನನ್ನ ಬಾಯಿ ತೆರೆಸಿ ಇಕ್ಕಳ ಒಳಗಿಟ್ಟಾಗ ಕೂಡ, ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಮೇಡಮ್ಮರ, ಈ ಸಲ ಯಾರ ಬರ್ತಾರ್ರಿ?" ನಾನೇನು ಗಿಳಿಶಾಸ್ತ್ರ ಹೇಳುವವಳಲ್ಲ. ಜನ ಯಾಕೆ ಹಾಗೆ ಮತ ಹಾಕುತ್ತಾರೆ, ಯಾರ ಮಾತು ಕೇಳಿ ಹಾಕುತ್ತಾರೆ, ಯಾರ ಮಾತು ಕೇಳಿದಂತೆ ಮಾಡಿ ಕೇಳದೆ ಹಾಕುತ್ತಾರೆ ಅಂತ ಮನೆ ಮನೆಗೆ ಹೋಗಿ ಕೇಳಿಕೊಂಡು ಬರುವುದು ನನ್ನ ಕಸುಬು. ಅದಕ್ಕೆ ರಾಜಕೀಯ ಸಮಾಜಶಾಸ್ತ್ರ ಅಂತ ದೊಡ್ಡ ಹೆಸರಿದೆ. ಇಷ್ಟು ವರ್ಷ ಅದರಿಂದಲೇ ಅನ್ನ ತಿಂದಿದ್ದೇನೆ. ಆದರೂ ಈ ಪ್ರಶ್ನೆ ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಯಾರು ಬರುತ್ತಾರೆ ಅಂತ ಕೇಳುವವರು, ಅವರನ್ನು ತಂದವರು ಯಾರು, ತಂದವರಿಗೆ ಆಮೇಲೆ ಏನಾಯಿತು ಅಂತ ಒಮ್ಮೆಯೂ ಕೇಳುವುದಿಲ್ಲ. ನಾನು ಇಲ್ಲಿ ಹೇಳುವುದು ಅಂಥ ಒಬ್ಬಾಕೆಯ ಸಂಗತಿ. ಇದರಲ್ಲಿ ಯಾರ ಹೆಸರೂ ಇಲ್ಲ, ಅದಕ್ಕೆ ಕಾರಣವೂ ಇದೆ.

ನಾನು ಹುಟ್ಟಿ ಬೆಳೆದದ್ದು ಅದೇ ಊರಿನ ನೇಕಾರರ ಬಡಾವಣೆ ವಡಗಾವಿಯಲ್ಲಿ. ಎದುರಿಗೆ ಸೈಕಲ್ಲು ಬಂದರೆ ಗೋಡೆಗೆ ಒರಗಿ ನಿಲ್ಲಬೇಕಾದ ಓಣಿ. ಮನೆಯ ಮುಂಭಾಗದಲ್ಲಿ ಮಗ್ಗ, ಹಿಂಭಾಗದಲ್ಲಿ ನಾವು. ಹೊರಗಿನಿಂದ ಬಂದವರಿಗೆ ಆ ಖಟಾಖಟ್ ಸದ್ದಿಗೆ ತಲೆನೋವು ಬರುತ್ತಿತ್ತು. ನಮಗೆ ಕರೆಂಟು ಹೋಗಿ ಸದ್ದು ನಿಂತರೆ ತಲೆನೋವು. ಚುನಾವಣೆ ಬಂತೆಂದರೆ ಅಪ್ಪ ಓಣಿಯ ಹಿರಿಯರ ಜೊತೆ ಕೂತು ಒಂದು ಚಿಹ್ನೆ ಗಟ್ಟಿ ಮಾಡಿಕೊಂಡು ಬರುತ್ತಿದ್ದ. ಊಟಕ್ಕೆ ಕೂತು, "ಎಲ್ಲಾರೂ ಇದಕ್ಕ ಹಾಕೋದು" ಅಂತ ಹುಕುಂ ಹೊರಡಿಸುತ್ತಿದ್ದ. ಅವ್ವ "ಹೂಂ" ಅಂದು ಇನ್ನೊಂದು ರೊಟ್ಟಿ ಬಡಿಸುತ್ತಿದ್ದಳು.

ಮತ ಹಾಕಿ ಬಂದ ದಿನ ಮಧ್ಯಾಹ್ನ ಅವ್ವ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕೂತಾಗ ಬಾಜೂ ಮನೆಯ ಕಾಕೂ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಅಪ್ಪ ಅಲ್ಲೇ ಮಗ್ಗದ ಮುಂದೆ ನಿಂತಿರುತ್ತಿದ್ದ. ಅವ್ವ ಕಾಕೂನ ಕಿವಿಗೆ ಬಾಯಿ ಹಚ್ಚಿ ಏನೋ ಹೇಳುತ್ತಿದ್ದಳು, ಕಾಕೂ ಬಾಯಿಗೆ ಸೆರಗು ಅಡ್ಡ ಹಿಡಿದು ಮೈಯೆಲ್ಲ ಕುಲುಕಿಸಿ ನಗುತ್ತಿದ್ದಳು. ಒಮ್ಮೆ ಹೀಗೆ ಹೇಳುತ್ತಿದ್ದಾಗಲೇ ಕರೆಂಟು ಹೋಯಿತು. ಮಗ್ಗ ನಿಂತಿತು, ಅವ್ವನ ಮಾತೂ ಅಲ್ಲಿಗೇ ನಿಂತಿತು. ಅಪ್ಪ ತಿರುಗಿ, "ಏನ ಹೇಳಾಕತ್ತಿದ್ದಿ?" ಅಂದ. "ಏನಿಲ್ಲ, ಉಪ್ಪಿನಕಾಯಿ ಹಾಕೂದ ಹೇಳಾಕತ್ತಿದ್ದೆ" ಅಂದಳು ಅವ್ವ. ಅವಳು ಅಪ್ಪನ ಚಿಹ್ನೆಗೆ ಹಾಕಿಲ್ಲ ಅಂತ ನನಗೆ ಅವತ್ತು ಖಾತ್ರಿಯಾಯಿತು. ನಮ್ಮ ಓಣಿಯ ಹೆಂಗಸರಿಗೆ ಬಾಗಿಲು ಹಾಕಿಕೊಂಡು ಮಾತಾಡುವಂಥ ಕೋಣೆಗಳು ಇರಲಿಲ್ಲ. ಮನಸಿನ ಮಾತಿದ್ದರೆ ಮಗ್ಗ ಓಡುವಾಗಲೇ ಆಡಿ ಮುಗಿಸುತ್ತಿದ್ದರು.

ಮುಂದೆ ಸಂಶೋಧನೆಗೆ ಸೇರಿದಾಗ ನನ್ನ ಮಾರ್ಗದರ್ಶಕರು ಕಲಿಸಿದ ಮೊದಲ ಪಾಠವೇ, ಜನರನ್ನು ಸದ್ದಿಲ್ಲದ ಕಡೆ ಕೂರಿಸಿ ಮಾತಾಡಿಸಬೇಕು ಅನ್ನುವುದು. ಪುಸ್ತಕದಲ್ಲಿ ಹಾಗೇ ಇದೆ. ನಾನು ಅವರನ್ನು ವಡಗಾವಿಗೆ ಕರೆದುಕೊಂಡು ಹೋದೆ. ಅವರು ಒಂದು ಮನೆಯಲ್ಲಿ ಮಗ್ಗ ನಿಲ್ಲಿಸಲು ಹೇಳಿ, ಶಾಂತವಾಗಿ, ಸ್ಪಷ್ಟವಾಗಿ, ಹೆಂಗಸರಿಗೆ ಪ್ರಶ್ನೆ ಕೇಳಿದರು. ಎಲ್ಲರದೂ ಒಂದೇ ಉತ್ತರ, "ನಮಗೇನ ತಿಳೀತೈತ್ರಿ, ಅವರನ್ನ ಕೇಳ್ರಿ." ಅವರು ಸಮಾಧಾನದಿಂದ ಎಲ್ಲರ ಹೆಸರಿನ ಮುಂದೂ "ಗೊತ್ತಿಲ್ಲ" ಅಂತ ಗುರುತು ಹಾಕಿಕೊಂಡರು. ನಾನು ಮಗ್ಗ ಚಾಲೂ ಮಾಡಿಸಿದೆ. ಅವರು ಕಿವಿಗೆ ಬೆರಳಿಟ್ಟುಕೊಂಡು, "ಏನ ಅದ ಇದು, ಸಂದರ್ಶನನೋ ಸಂತಿನೋ?" ಅಂತ ಬೈದು ಹೊರಗೆ ಹೋಗಿ ನಿಂತರು. ನಾನು ಹೆಂಗಸರ ಪಕ್ಕ ನೆಲಕ್ಕೆ ಕೂತು ಕಿವಿ ಕೊಟ್ಟೆ. ಅವರಿಗೆ ಎಲ್ಲ ಗೊತ್ತಿತ್ತು. ನಲ್ಲಿಗೆ ನೀರು ಯಾರು ಬಿಡಿಸಿದರು, ಯಾರ ಹುಡುಗರು ಊರಾಚೆ ಮಚ್ಛೆಯ ಕಾರ್ಖಾನೆಗೆ ಕೆಲಸಕ್ಕೆ ಹೋಗಿ ಬರಿಗೈಯಲ್ಲಿ ಬಂದರು, ಯಾವ ಮುಖಂಡ ಓಟಿನ ಹಿಂದಿನ ದಿನ ಮಾತ್ರ ಓಣಿಯಲ್ಲಿ ಚಪ್ಪಲಿ ಬಿಟ್ಟು ನಡೆಯುತ್ತಾನೆ, ಎಲ್ಲ.

ನನ್ನ ಆ ಅಧ್ಯಾಯಕ್ಕೆ ಅವರು "ಅಶಾಸ್ತ್ರೀಯ" ಅಂತ ಷರಾ ಬರೆದರು. ಕೆಲವು ವರ್ಷಗಳ ಮೇಲೆ ಒಂದು ಉಪನ್ಯಾಸದಲ್ಲಿ "ಸದ್ದೇ ಹೆಣ್ಣಿನ ಮತಗಟ್ಟೆ" ಅಂತ ತಾವೇ ಕಂಡುಹಿಡಿದವರ ಹಾಗೆ ಹೇಳಿ ಚಪ್ಪಾಳೆ ತಗೊಂಡರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಅವತ್ತು ಸಿಟ್ಟಿಗಿಂತ ನಗು ಬಂತು, ಹೋಗಲಿ ಬಿಡು ಅಂದುಕೊಂಡೆ. ಮನುಷ್ಯನಿಗೆ ಟೀವಿಯ ರುಚಿ ಇನ್ನೂ ಹತ್ತಿರಲಿಲ್ಲ.

ಆಮೇಲೆ ಅದೂ ಹತ್ತಿತು. ಚುನಾವಣೆ ಬಂದರೆ ನಮ್ಮ ಸರ್ ಹೊಸ ಕೋಟು ಹಾಕಿಕೊಂಡು ಪರದೆಯ ಮೇಲೆ ಬರತೊಡಗಿದರು. ಚುನಾವಣೆಗೊಮ್ಮೆ ನಡೆಯುವ ಮತದಾರರ ಅಧ್ಯಯನಕ್ಕೆ ಅವರು ಮುಖ್ಯಸ್ಥರು, ಊರು ಸುತ್ತುವವರು ನಾವು. ಹಿಂದಿನ ವಿಧಾನಸಭೆ ಚುನಾವಣೆಯಲ್ಲಿ ನನ್ನ ಪಾಲಿಗೆ ಬಂದದ್ದು ಖಾನಾಪುರ ತಾಲೂಕು. ಮತದಾನ ಮುಗಿದು ಎಣಿಕೆ ಇನ್ನೂ ಆಗದಿದ್ದ ದಿನಗಳಲ್ಲಿ ನಾನು ಕಾಡಂಚಿನ ಒಂದು ಸಣ್ಣ ಊರಿಗೆ ಹೋದೆ. ಊರಿನ ಮುಂದೆ ಒಂದು ಹಳ್ಳ, ಊರಿನ ನಡುವೆ ಒಂದು ಗುಡಿ, ಗುಡಿಯ ಮುಂದೆ ಕಂಬ ಎದ್ದು ಚಾವಣಿ ಇಲ್ಲದೆ ನಿಂತ ಸಭಾಮಂಟಪ. ಮನೆಯೊಳಗೆ ಮರಾಠಿ, ಹೊರಗೆ ಕನ್ನಡ, ಜಗಳಕ್ಕೆ ಎರಡೂ.

ನಮ್ಮ ಪದ್ಧತಿ ಹೀಗೆ. ಅಭ್ಯರ್ಥಿಗಳ ಚಿಹ್ನೆ ಇರುವ ಒಂದು ನಕಲಿ ಮತಪತ್ರ ಕೊಡುತ್ತೇವೆ. ತಾವು ಯಾರಿಗೆ ಹಾಕಿದ್ದೇವೋ ಅದರ ಮೇಲೆ ಗುರುತು ಮಾಡಿ, ಮಡಚಿ, ನಮ್ಮ ಡಬ್ಬಿಗೆ ಹಾಕಬೇಕು. ಯಾರು ಏನು ಹಾಕಿದರು ಅಂತ ನಮಗೂ ಕಾಣುವುದಿಲ್ಲ. ಒಂದು ಮನೆಯಲ್ಲಿ ಗಂಡ ತನ್ನದನ್ನು ಹಾಕಿ, ಹೆಂಡತಿಯ ಹಾಳೆಗೂ ಕೈ ಚಾಚಿದ. "ಅಕೀದೂ ನಾನ ಮಾಡ್ತೀನಿ ಕೊಡ್ರಿ." ಇದು ಹೊಸದಲ್ಲ, ಎಲ್ಲ ಊರಲ್ಲೂ ಗಂಡಸರು ಹೀಗೆ ಕೈ ಚಾಚುತ್ತಾರೆ. ಹೊಸದೆಂದರೆ ಆಕೆ ಒಲೆಯ ಮುಂದಿನಿಂದ ಎದ್ದು ಬಂದು ಹಾಳೆಯನ್ನು ಅವನ ಕೈಯಿಂದ ಕಿತ್ತುಕೊಂಡದ್ದು. "ನಂದು ನಾ ಮಾಡ್ತೀನಿ. ನಂಗ ಕಣ್ಣಿಲ್ಲೇನು?" ಅಂದು ಒಳಗೆ ಹೋಗಿ, ಮಡಚಿಕೊಂಡು ಬಂದು ಡಬ್ಬಿಗೆ ಹಾಕಿದಳು. ಗಂಡ ನಕ್ಕ, ಕೆಟ್ಟವನಲ್ಲ. ಆಕೆ ಊರ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳು. ಹಾಗಂತ ಇಲ್ಲಿ ಬರೆದಿದ್ದೇನೆ. ಅವಳ ನಿಜವಾದ ಕೆಲಸ ಬೇರೆ, ಆದರೆ ಅಂಥದೇ ಇನ್ನೊಂದು, ಊರಿಗೆಲ್ಲ ಒಬ್ಬರೇ ಮಾಡುವಂಥದು. ಊರಿನ ಗುರುತುಗಳನ್ನೂ ಹೀಗೇ ಬದಲಿಸಿದ್ದೇನೆ.

ಹೊರಡುವಾಗ ಅವಳು ಹಿಂದೆಯೇ ಬಂದು, ಯಾರಿಗೂ ಕೇಳದ ಹಾಗೆ, "ಬಾಯಾರ, ಗಿರಣಿಗೆ ಬರ್ರಿ" ಅಂದಳು. ಹಿಟ್ಟಿನ ಗಿರಣಿ ಊರ ತುದಿಯಲ್ಲಿತ್ತು. ಜೋಳದ ಪುಟ್ಟಿ ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದಳು. ಬೆಲ್ಟು ಗಿರಗಿರ ತಿರುಗಿ ನೆಲವೇ ನಡುಗುತ್ತಿತ್ತು. ನನಗೆ ಅವ್ವನ ನೆನಪಾಯಿತು. ನಾನು ಹೇಳಿಕೊಡದೆಯೇ ಇವಳೂ ಅದೇ ಜಾಗ ಹುಡುಕಿದ್ದಳು.

ನನ್ನ ಕಿವಿಗೆ ಬಾಯಿ ಹಚ್ಚಿ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದಳು. ಓಟಿಗೆ ಮುಂಚೆ ಊರ ಹಿರಿಯರು ಗುಡಿಯಲ್ಲಿ ಎಲ್ಲರನ್ನೂ ಸೇರಿಸಿ ಭಂಡಾರ ಎತ್ತಿಸಿದ್ದರು. ದೇವರ ಮುಂದಿನ ಅರಿಶಿನ ಪುಡಿಯನ್ನು ಬಿಲ್ವಪತ್ರೆಯ ಮೇಲಿಟ್ಟು ಅಂಗೈಯಲ್ಲಿ ಹಿಡಿದು ಆಣೆ ಮಾಡುವುದು ಈ ಕಡೆಯ ಪದ್ಧತಿ. ಗಡಿಯ ಜಗಳದಿಂದ ಗದ್ದೆಯ ಬದುವಿನ ಜಗಳದವರೆಗೆ ಎಲ್ಲಕ್ಕೂ ಅದೇ ಕೊನೆಯ ಮಾತು. ಮೊದಲು ಗಂಡಸರು ಮಾತ್ರ ಎತ್ತುತ್ತಿದ್ದರು, ಈ ಸಲ ಹೆಂಗಸರ ಕೈಗೂ ಹಾಕಿದ್ದರು. ಮಂಟಪಕ್ಕೆ ಚಾವಣಿ ಹಾಕಿಸಿಕೊಡುತ್ತೇನೆ ಅಂದವನಿಗೆ ಊರಿನ ಮತವೆಲ್ಲ ಅಂತ ಆಣೆ.

"ಎತ್ತೀನಿ, ಖರೇ ಐತಿ" ಅಂದಳು. "ಆದ್ರ ನನ್ನ ಮಗಳು ಏಳನೇತ್ತಾ ಮುಗಿಸ್ಯಾಳ. ಮುಂದಿನ ಸಾಲಿ ಹಳ್ಳದ ಆಚಿ ಐತಿ. ಮಳಿಗಾಲದಾಗ ಹಳ್ಳ ಬಂದ್ರ ದಾಟಾಕ ಆಗೂದಿಲ್ಲ. ಬಾಜೂ ಊರಿಗೆ ಹಳ್ಳ ದಾಟಾಕ ಸಣ್ಣ ಪೂಲ್ ಮಾಡಿಸಿದಾಂವಗ ಹಾಕೀನಿ. ನಮಗೂ ಮಾಡಸ್ತಾನೇನೋ ಅಂತ."

"ಆಣಿ ಮುರಿದೆ ಅಂತ ಹೆದರಿಕಿ ಇಲ್ಲೇನ್ರಿ?" ಅಂತ ಕೇಳಿದೆ.

"ದೇವರ ಕೂಡ ನಾ ಮಾತಾಡೀನ್ರಿ. ಅಂವಗೂ ಮಗಳು ಅದಾಳ, ತಿಳ್ಕೋತಾನ. ಊರಿಗೆ ತಿಳೀಬಾರದು. ತಿಳಿದ್ರ ನನ್ನ ಅಡಗಿ ಕೆಲಸಾ ಹೋಕ್ಕೈತಿ, ಮಗಳ ಸಾಲಿನೂ ನಿಲ್ತೈತಿ." ನನ್ನ ಮುಂಗೈ ಹಿಡಿದಳು. "ನಿಮ್ಮ ಹಂತ್ಯಾಕ ಯಾಕ ಹೇಳೀನಿ ಗೊತ್ತಿಲ್ಲ. ಒಬ್ಬರಿಗರ ಹೇಳಬೇಕ ಅನಿಸ್ತು."

"ಯಾರಿಗೂ ತಿಳಿಯೂದಿಲ್ಲ" ಅಂತ ಮಾತು ಕೊಟ್ಟೆ. ಅಷ್ಟರಲ್ಲಿ ಅವಳ ಪಾಳಿ ಬಂತು, ಪುಟ್ಟಿ ಎತ್ತಿಕೊಂಡು ಮುಂದೆ ಹೋದಳು.

ನಮ್ಮ ಕಸುಬಿನಲ್ಲಿ ಇನ್ನೊಂದು ಪದ್ಧತಿಯಿದೆ. ಊರುಗಳಿಂದ ಬಂದ ಮೇಲೆ ತಂಡದವರೆಲ್ಲ ಬಾಗಿಲು ಹಾಕಿಕೊಂಡು ಕೂತು ಕಂಡದ್ದು ಕೇಳಿದ್ದನ್ನು ಒಬ್ಬರಿಗೊಬ್ಬರು ಹೇಳಬೇಕು. ಹೇಳದೆ ಇಟ್ಟುಕೊಂಡರೆ ಅಧ್ಯಯನಕ್ಕೆ ದ್ರೋಹ, ಹೊರಗೆ ಹೇಳಿದರೆ ಜನಕ್ಕೆ ದ್ರೋಹ. ಇದನ್ನು ನಮಗೆ ಕಲಿಸಿದವರೂ ಆ ಸರ್ ಅವರೇ. ಪ್ರತಿ ಹೊಸ ತಂಡಕ್ಕೂ ಎದೆ ಮುಟ್ಟಿಕೊಂಡು, "ಈ ಬಾಗಿಲಾಚೆ ಒಂದು ಮಾತೂ ಹೋಗಬಾರದು" ಅನ್ನುತ್ತಿದ್ದರು. ನಾನು ಅವಳ ಹೆಸರಾಗಲಿ, ಊರಾಗಲಿ ಹೇಳಲಿಲ್ಲ. ಆಣೆಯನ್ನೂ ಮೀರಿ ತಾಯಂದಿರು ಹೇಗೆ ಯೋಚಿಸುತ್ತಾರೆ ಅಂತ ತಿಳಿಯಲಿ ಅಂತ ಮಂಟಪದ ಆಣೆಯ ಮಾತು, ಹಳ್ಳದ ಮಾತು, ಮಗಳ ಮಾತು, ಅವಳ ಕೆಲಸದ ಮಾತು ಹೇಳಿದೆ. ನಾನು ಯಾವ ಊರುಗಳಿಗೆ ಹೋಗಿದ್ದೆ ಅನ್ನುವುದು ಮುಖ್ಯಸ್ಥರಿಗೆ ಗೊತ್ತೇ ಇತ್ತು. ಸರ್ ಕಣ್ಣು ಮುಚ್ಚಿ ತಲೆದೂಗಿದರು.

ಎಣಿಕೆಯ ದಿನ ನಾನು ರೈಲ್ವೆ ಸ್ಟೇಷನ್ ಹತ್ತಿರದ ಚಹಾದಂಗಡಿಯಲ್ಲಿದ್ದೆ. ಅಂಗಡಿ ತುಂಬ ಜನ, ಗೋಡೆಯ ಮೇಲೆ ಟೀವಿ, ಟೀವಿಯಲ್ಲಿ ನಮ್ಮ ಸರ್. ಖಾನಾಪುರದ ಮಾತು ಬಂದಾಗ ಅವರು ಕುರ್ಚಿಯಲ್ಲಿ ಮುಂದೆ ಜರುಗಿದರು. "ನೋಡಿ, ಅಂಕಿಗಳ ಹಿಂದೆ ಮನುಷ್ಯರಿದ್ದಾರೆ," ಅಂತ ಶುರುಮಾಡಿದರು. ಹಳ್ಳದ ಪಕ್ಕದ ಊರು, ಚಾವಣಿ ಇಲ್ಲದ ಮಂಟಪ, ಭಂಡಾರ ಎತ್ತಿ ಆಣೆ ಮಾಡಿದ ಒಬ್ಬ ತಾಯಿ, ಶಾಲೆಯಲ್ಲಿ ಅಡುಗೆ ಮಾಡುವವಳು. ಒಂದೊಂದೇ ಇಡುತ್ತ ಹೋದರು. "ಆಕೆ ಮತಗಟ್ಟೆಯೊಳಗೆ ಹೋಗಿ ಆಣೆ ಮುರಿದಳು. ಇದು ಗಡಿಯಲ್ಲಿ ಎದ್ದಿರುವ ಮೌನ ಅಲೆ. ಮರಾಠಿ ಮನೆಯ ಆಕೆ ಭಾಷೆಯ ಗೋಡೆ ದಾಟಿದ್ದಾಳೆ!" ನಿರೂಪಕ "ಅದ್ಭುತ" ಅಂದ. ನನ್ನ ಬಾಜೂ ಕೂತವನೊಬ್ಬ ತೊಡೆ ತಟ್ಟಿ, "ಭಾರೀ ಹೆಂಗಸ ಬಿಡ್ರಿ" ಅಂದ.

ಯಾವ ಭಾಷೆ? ಯಾವ ಗೋಡೆ? ಅವಳು ದಾಟಬೇಕಾಗಿದ್ದದ್ದು ಹಳ್ಳ. ಬೆಳಗಾವಿ ಅಂದರೆ ಈ ಪಂಡಿತರಿಗೆ ಗಡಿ ಬಿಟ್ಟು ಬೇರೇನೂ ಕಾಣುವುದಿಲ್ಲ. ನಮ್ಮ ಕಡೆಯವರಿಗೆ ಹೊಟ್ಟೆಯಿಲ್ಲ, ಮಕ್ಕಳಿಲ್ಲ, ಮಳೆಗಾಲವಿಲ್ಲ, ಬೆಳಗಾದರೆ ಗಡಿಯ ಮೇಲೆ ನಿಂತು ಭಾಷೆಯನ್ನು ಹಾಸಿ ಹೊದೆಯುತ್ತೇವೆ ಅಂತ ತಿಳಿದಿದ್ದಾರೆ. ಒಬ್ಬ ತಾಯಿ ಕೇಳಿದ್ದು ಒಂದು ಕಾಲುಸೇತುವೆ. ಅದನ್ನು ಇವರು ಅಲೆ ಮಾಡಿದರು, ಗೋಡೆ ಮಾಡಿದರು, ಅದರ ಮೇಲೆ ಕೋಟು ಹಾಕಿಕೊಂಡು ಕೂತರು.

ಅವರು ಪರದೆಯಿಂದ ಇಳಿಯುವವರೆಗೆ ಕಾದು ಫೋನು ಮಾಡಿದೆ. "ಹೆಸರ ಹೇಳೀನೇನು?" ಅಂತ ಅವರೇ ಮೊದಲು ಕೇಳಿದರು. "ಇಲ್ಲಲ್ಲಾ? ಮತ್ಯಾಕ ಒದರಾಡ್ತಿ?"

"ಸರ್, ಆ ಊರಾಗ ಅಡಗಿ ಮಾಡಾಕಿ ಒಬ್ಬಾಕೀನ ಅದಾಳ್ರಿ."

"ನಮ್ಮ ಅಧ್ಯಯನ ರಾಜ್ಯದ ತುಂಬ ಮಾತಾಗೈತಿ, ಅದಕ್ಕ ಖುಷಿ ಪಡೋದ ಬಿಟ್ಟು... ಆ ಹಳ್ಳ್ಯಾಗ ಯಾರ ಈ ಚಾನಲ್ ನೋಡ್ತಾರ?"

ಎಲ್ಲರೂ ನೋಡಿದ್ದರು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ನಾನು ಹೋದಾಗ ಶಾಲೆಯ ಅಡುಗೆಮನೆಯಲ್ಲಿ ಬೇರೆ ಹೆಂಗಸು ಅಕ್ಕಿ ಆರಿಸುತ್ತಿದ್ದಳು. ಊರ ಹಿರಿಯ ನನ್ನನ್ನು ಬಲು ಮರ್ಯಾದೆಯಿಂದ ಮಾತಾಡಿಸಿದ. "ಬರ್ರಿ ಮೇಡಮ್ಮರ, ಕುಂದರ್ರಿ. ಚಾ ಹೇಳ್ಲಿ?" ಕುರ್ಚಿ ಒರೆಸಿ ಕೊಟ್ಟ. "ನಾವೇನ ಅಕೀನ್ನ ಕೆಲಸಾ ಬಿಡಿಸಿಲ್ರಿ. ಗುಡ್ಯಾಗ ಕರದು, ಇನ್ನೊಮ್ಮೆ ಭಂಡಾರ ಎತ್ತಿ, ನಾ ಅಲ್ಲ ಅಂತ ಹೇಳ ಅಂದ್ವಿ, ಅಷ್ಟ. ಎಲ್ಲಾ ಹೆಂಗಸರೂ ಎತ್ತಿದ್ರು. ಅಕಿ ಎತ್ತಲಿಲ್ಲ. ದೇವರ ಮುಂದ ಸುಳ್ಳ ಹೇಳೂದಿಲ್ಲ ಅಂದಳು. ಸಾಲಿ ಸುರು ಆದ ಮ್ಯಾಲೆ ಕೆಲಸಕ್ಕ ಬರಲಿಲ್ಲ."

ಮತಗಟ್ಟೆಯಲ್ಲಿ ಆಣೆ ಮುರಿದವಳು ಗುಡಿಯಲ್ಲಿ ಸುಳ್ಳಾಡಲು ಒಪ್ಪಿರಲಿಲ್ಲ. ಆಮೇಲೆ ಹಿರಿಯ ದನಿ ತಗ್ಗಿಸಿ ಮುಂದೆ ಬಾಗಿದ. "ನಿಮಗ ಎಲ್ಲಾ ಗೊತ್ತಿರತೈತಿ. ಇನ್ನ ಯಾರ್ಯಾರ ಅದಾರ, ಹೇಳಿಬಿಡ್ರಿ. ಊರಿನ ಒಳ್ಳೇದಕ್ಕ ಕೇಳಾಕತ್ತೀವಿ."

ಆಗ ನಾನು ಬಾಯಿಗೆ ಬಂದಂತೆ ಬೈದೆ. ಮರ್ಯಾದಸ್ಥ ಪ್ರಾಧ್ಯಾಪಕಿ ಆಡಬಾರದ ಮಾತೆಲ್ಲ ಆಡಿದೆ, ವಡಗಾವಿಯ ನೀರಿನ ಟ್ಯಾಂಕರ್ ಮುಂದೆ ಕಲಿತ ಮಾತುಗಳು. ಒಬ್ಬ ಹೆಂಗಸಿನ ಒಂದು ಮತಕ್ಕೆ ಹೆದರುವ ಊರು ನಿಮ್ಮದು, ನಿಮ್ಮ ಮಂಟಪಕ್ಕೆ ಚಾವಣಿ ಯಾಕೆ, ತಲೆಗೆ ಸೆರಗು ಹೊದ್ದುಕೊಳ್ಳಿ ಅಂದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ಚಹಾ ಆರುತ್ತದೆ, ಕುಡಿಯಿರಿ ಅಂದ. ಅದರಿಂದ ನನ್ನ ಸಿಟ್ಟು ಇನ್ನೂ ಏರಿತು.

ಅವಳು ಮನೆಯ ಮುಂದೆ ಬಟ್ಟೆ ಒಣಹಾಕುತ್ತಿದ್ದಳು. ಮಗಳು ಬಾಗಿಲಲ್ಲಿ ನಿಂತಿದ್ದಳು, ಆ ವರ್ಷ ಶಾಲೆಗೆ ಹಚ್ಚಿರಲಿಲ್ಲ. "ಗಿರಣಿಗೆ ಹೋಗೂಣೇನ್ರಿ?" ಅಂದೆ.

"ಗಿರಣಿ ಬಂದ್ ಐತ್ರಿ ಬಾಯಾರ" ಅಂದಳು.

ಊರ ತುದಿಯಿಂದ ಗಿರಣಿಯ ಸದ್ದು ಇಬ್ಬರ ಕಿವಿಗೂ ಚೆನ್ನಾಗಿ ಬೀಳುತ್ತಿತ್ತು. ಅವಳು ಇನ್ನೊಂದು ಸೀರೆ ಹಿಂಡಿ ಹಗ್ಗದ ಮೇಲೆ ಹಾಕಿದಳು.

ಮಾರನೆ ವರ್ಷ ಲೋಕಸಭೆ ಚುನಾವಣೆ. ಹಿಂದಿನ ಸಲ ಮಾತಾಡಿಸಿದವರನ್ನೇ ಮತ್ತೆ ಮಾತಾಡಿಸಬೇಕು, ಮನಸ್ಸು ಎಷ್ಟು ಬದಲಾಗಿದೆ ಅಂತ ಅಳೆಯಬೇಕು. ನಾನು ಹೋಗದಿದ್ದರೆ ಯಾರೋ ಎಳೆಯರನ್ನು ಆ ಮನೆಗೆ ಕಳಿಸುತ್ತಾರೆ ಅಂತ ನಾನೇ ಹೋದೆ. ಹಳ್ಳಕ್ಕೆ ಸೇತುವೆ ಬಂದಿರಲಿಲ್ಲ. ಮಂಟಪಕ್ಕೆ ಚಾವಣಿಯೂ ಬಂದಿರಲಿಲ್ಲ. ಅವಳಿಗೆ ಹಾಳೆ ಕೊಟ್ಟೆ. ತಗೊಂಡವಳು ಅದರ ಮೇಲೆ ಕಣ್ಣೂ ಹಾಯಿಸದೆ ಗಂಡನ ಕಡೆ ಚಾಚಿದಳು.

ಗಂಡನಿಗೇ ಕಸಿವಿಸಿಯಾಯಿತು. "ನಿಂದು ನೀ ಮಾಡ" ಅಂದ.

"ನನಗೇನ ತಿಳೀತೈತಿ" ಅಂದಳು.

ಅವನು ಹಾಳೆ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಅದು ಅವಳ ಕೈಯಲ್ಲೇ ಇತ್ತು. ನಿಯಮದ ಪ್ರಕಾರ ನಾನು ಅವಳ ಮುಂದೆ "ಗೊತ್ತಿಲ್ಲ" ಅಂತ ಗುರುತು ಹಾಕಬೇಕಾಯಿತು. ಆ ಊರಿನಲ್ಲಿ ಅವತ್ತು ಮನೆ ಮನೆಯಲ್ಲೂ ಹೆಂಗಸರ ಮುಂದೆ ಅದನ್ನೇ ಹಾಕಿದೆ. ಬಸ್ಸಿನಲ್ಲಿ ಬರುವಾಗ ಕಣ್ಣೀರು ಬಂತು, ದುಃಖಕ್ಕಲ್ಲ, ಸಿಟ್ಟಿಗೆ.

ಇತ್ತೀಚೆಗೆ ಬೆಳಗಾವಿಯಲ್ಲೇ ಒಂದು ವಿಚಾರ ಸಂಕಿರಣ ಆಯಿತು. ಸರ್ ವೇದಿಕೆಯ ಮೇಲೆ ನಿಂತು ಪರದೆಯಲ್ಲಿ ಬಣ್ಣದ ಕಂಬಗಳನ್ನು ತೋರಿಸಿದರು. ಖಾನಾಪುರದ ಹೆಂಗಸರಲ್ಲಿ "ಗೊತ್ತಿಲ್ಲ" ಅನ್ನುವ ಕಂಬ ಎದ್ದು ಕಾಣುವಷ್ಟು ಬೆಳೆದಿತ್ತು. ಅವರು ಕೋಲಿನ ತುದಿಯಿಂದ ಅದನ್ನು ಮುಟ್ಟಿ, "ರಾಜಕೀಯ ತಿಳಿವಳಿಕೆಯ ಕೊರತೆ. ಈ ಹೆಣ್ಣುಮಕ್ಕಳಿಗೆ ಇನ್ನೂ ಅರಿವು ಮೂಡಿಸಬೇಕಾಗಿದೆ" ಅಂದರು. ನನ್ನ ವಿದ್ಯಾರ್ಥಿಗಳು ಬರೆದುಕೊಂಡರು.

ನಾನು ಎದ್ದು ನಿಂತೆ. ಮೈಕು ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂತು. ಹೇಳುವುದೆಲ್ಲ ಬಾಯಿತುದಿಗೆ ಬಂದಿತ್ತು. ಆ ಕಂಬ ನೀವೇ ನೆಟ್ಟದ್ದು, ಅವರಿಗೆ ಗೊತ್ತಿತ್ತು, ಬಾಯಿ ಹೊಲಿದವರು ನೀವು. ಮುಂದಿನ ಸಾಲಿನಲ್ಲಿ ಪತ್ರಿಕೆಯವರು ತಲೆಯೆತ್ತಿ ಪೆನ್ನು ಹಿಡಿದಿದ್ದರು, ಒಬ್ಬ ಫೋನು ನನ್ನ ಕಡೆ ತಿರುಗಿಸಿದ. ಹೇಗೆ ಹೊಲಿದರು ಅಂತ ಕೇಳುತ್ತಾರೆ. ಯಾರ ಬಾಯಿ ಅಂತ ಕೇಳುತ್ತಾರೆ. ಯಾವ ಊರು ಅಂತ ಕೇಳುತ್ತಾರೆ. ನಾನು ಹೇಳಲಿ, ಬಿಡಲಿ, ಸಂಜೆಯ ಹೊತ್ತಿಗೆ ಯಾರಾದರೂ ಒಬ್ಬರು ಗಾಡಿ ಮಾಡಿಕೊಂಡು ಹಳ್ಳದ ದಂಡೆಗೆ ಹೋಗಿ, ಒಣಹಾಕಿದ ಸೀರೆಗಳ ನಡುವೆ ಅವಳ ಮುಖಕ್ಕೆ ಮೈಕು ಹಿಡಿಯುತ್ತಾರೆ.

"ಹೇಳ್ರಿ ಮೇಡಮ್ಮರ," ಅಂದರು ಸರ್ ವೇದಿಕೆಯಿಂದ, ಎಲ್ಲರಿಗೂ ಕೇಳುವಂತೆ. "ಏನ ಪ್ರಶ್ನಿ?"

ಸಭೆ ಸದ್ದಿಲ್ಲದೆ ಕೂತಿತ್ತು.

"ನನಗೇನ ತಿಳೀತೈತ್ರಿ ಸರ್" ಅಂದು ಕೂತೆ.

ನಾನು ತಮಾಷೆ ಮಾಡಿದೆ ಅಂದುಕೊಂಡು ಅವರು ನಕ್ಕರು. ಸಭೆಯೂ ನಕ್ಕಿತು. ಮೈಕು ಹಿಂದಿನ ಸಾಲಿಗೆ ಹೋಯಿತು.